ಗಣಿ ಮುಚ್ಚಿದ ಮೇಲೂ ಊರು ಇರಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಿರಿಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ಗಣಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ಆಹ್ವಾನ ಪತ್ರಿಕೆ ನೋಡಿದ ಸ್ನೇಹಿತರೊಬ್ಬರು, "ಕಾಫಿ, ಮೆಣಸು, ಭತ್ತ ಬೆಳೆಯುವ ಊರಿನಲ್ಲಿ ಗಣಿಯ ಮಾತು ಯಾಕಪ್ಪಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಚಿನ್ನದ ಗಣಿಯಿಲ್ಲ, ಕಬ್ಬಿಣದ ಗಣಿಯೂ ಇಲ್ಲ. ಆದರೆ ಕಲ್ಲಿನ ಕ್ವಾರಿ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಾನೂನಿನ ಕಣ್ಣಿಗೆ ಕಟ್ಟಡದ ಕಲ್ಲೂ ಖನಿಜವೇ, ಮರಳೂ ಖನಿಜವೇ. ಜೊತೆಗೆ, ಕರ್ನಾಟಕದ ಒಂದು ದೊಡ್ಡ ಗಣಿಯ ಕಥೆಯಲ್ಲಿ ನಮ್ಮ ಕೊಡಗಿನವರೊಬ್ಬರ ಹೆಸರು ಸೇರಿಕೊಂಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಾಫಿ ಗಿಡ ಈ ವರ್ಷ ಕೈಕೊಟ್ಟರೆ ಮುಂದಿನ ವರ್ಷ ಹೂ ಬಿಡುತ್ತದೆ. ಗದ್ದೆ ಮತ್ತೆ ನಾಟಿಯಾಗುತ್ತದೆ. ಗಣಿಗೆ ಎರಡನೆಯ ಬೆಳೆ ಎಂಬುದಿಲ್ಲ. ಅದಿರು ಒಮ್ಮೆ ಹೋದರೆ ಹೋಯಿತು. ಎಂಥ ಗಣಿಯಾದರೂ ಒಂದು ದಿನ ಮುಚ್ಚಲೇಬೇಕು. ಆದ್ದರಿಂದ ಗಣಿ ಕಂಪನಿ ಊರಿಗೆ ಏನು ಕೊಟ್ಟಿತು ಎಂಬ ಲೆಕ್ಕವನ್ನು ಅದು ನಡೆಯುತ್ತಿರುವಾಗ ಹಾಕಿದರೆ ಸಾಲದು, ಅದು ಹೊರಟುಹೋದ ಮೇಲೆ ಏನು ಉಳಿಯಿತು ಎಂದು ನೋಡಿ ಹಾಕಬೇಕು. ನಾನು ಇವತ್ತು ಹೇಳಬೇಕೆಂದಿರುವುದು ಇದಿಷ್ಟೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಸೇವೆಯ ನಿಮಿತ್ತ ನಾನು ಕೆಲವು ವರ್ಷ ಕೋಲಾರ ಜಿಲ್ಲೆಯಲ್ಲಿದ್ದೆ. ಕೋಲಾರದ ಚಿನ್ನದ ಗಣಿಯನ್ನು 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಅಲ್ಲಿಗೆ. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಬೇತಮಂಗಲದ ಕೆರೆಯಿಂದ ಗಣಿಗೆ ಕೊಳವೆಯಲ್ಲಿ ನೀರು ಬಂತು. ಸುಸಜ್ಜಿತ ಆಸ್ಪತ್ರೆ, ಶಾಲೆಗಳು, ಕ್ಲಬ್ಬು, ಮೈದಾನ ಎಲ್ಲವೂ ಬಂದವು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು. ಮುಂದೆ ಅದು ಕೇಂದ್ರದ ಕೈಗೆ ಹೋಗಿ 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ನೂರಿಪ್ಪತ್ತು ವರ್ಷಗಳಲ್ಲಿ ಆ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಜನ ದುಡಿದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಸ್ಪತ್ರೆ ಕಂಪನಿಯದು, ಆದ್ದರಿಂದ ಅದೂ ಮುಚ್ಚಿತು. 2021ರಲ್ಲಿ ಕೊರೋನಾ ಎರಡನೆಯ ಅಲೆ ಬಂದಾಗ, ಇಪ್ಪತ್ತು ವರ್ಷ ಬೀಗ ಹಾಕಿದ್ದ ಆ ಕಟ್ಟಡದ ಧೂಳು ಹೊಡೆದು ಮತ್ತೆ ರೋಗಿಗಳಿಗೆ ತೆರೆಯಬೇಕಾಯಿತು. ಚಿನ್ನ ತೆಗೆದು ಬಿಟ್ಟ ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಇಂದಿಗೂ ಊರ ನಡುವೆ ನಿಂತಿವೆ. ಗಾಳಿ ಬೀಸಿದಾಗ ಅದರ ದೂಳು ಮನೆಗಳೊಳಗೆ ಬರುತ್ತದೆ. ಬೆಳಿಗ್ಗೆ ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್ ನಿಲ್ದಾಣಗಳಲ್ಲಿ ನಿಂತರೆ, ಗಣಿ ಕಾರ್ಮಿಕರ ಮಕ್ಕಳೂ ಮೊಮ್ಮಕ್ಕಳೂ ಊಟದ ಡಬ್ಬಿ ಹಿಡಿದು ಬೆಂಗಳೂರಿಗೆ ಕೂಲಿ, ಕಚೇರಿ ಕೆಲಸಕ್ಕೆಂದು ರೈಲು ಹತ್ತುವುದು ಕಾಣುತ್ತದೆ.

ಗಣಿ ಮುಚ್ಚುವ ಮುನ್ನ ಅದಕ್ಕೊಂದು ಯೋಜನೆ ಸಿದ್ಧಪಡಿಸಿ ಒಪ್ಪಿಗೆ ಪಡೆಯಬೇಕು, ಅದಕ್ಕೆ ಹಣದ ಭದ್ರತೆಯನ್ನೂ ಇಡಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೋಲಾರದ ಗಣಿ ಮುಚ್ಚಿ ಆಗ ಎರಡು ವರ್ಷವಾಗಿತ್ತು.

ಇನ್ನು ಕುದುರೆಮುಖಕ್ಕೆ ಬರೋಣ. ಅದು ನಮಗೆ ದೂರದ ಜಾಗವಲ್ಲ. ನಮ್ಮ ಗಡಿಯಲ್ಲಿ ಹರಿಯುವ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಅಲ್ಲಿಂದ ಬೆಟ್ಟದ ಸಾಲು ಹಿಡಿದು ಮುಂದೆ ಹೋದರೆ ಗಂಗಾಮೂಲ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಜಾಗ ಅದು. ಅದರ ಪಕ್ಕದಲ್ಲೇ 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನಿಗೆ ಅದಿರು ಕೊಡುವ ಒಪ್ಪಂದದ ಮೇಲೆ ಕಟ್ಟಿದ ಯೋಜನೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿಯಿತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ನಡೆಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು.

ಈ ಕಂಪನಿ ಒಳ್ಳೆಯದನ್ನೂ ಮಾಡಿದೆ. ಕಾಡಿನ ನಡುವೆ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು. ಮನೆ, ಶಾಲೆ, ಆಸ್ಪತ್ರೆ ಕಟ್ಟಿತು. ಮಲೆನಾಡಿನ ಎಷ್ಟೋ ಹುಡುಗರು ಅಲ್ಲಿ ಕೆಲಸ ಕಲಿತರು. ಅದು ಸುಳ್ಳಲ್ಲ. ಆದರೆ ಭಾರಿ ಮಳೆ ಬೀಳುವ ಬೆಟ್ಟವನ್ನು ಬಗೆದರೆ ಮಣ್ಣು ಎಲ್ಲಿಗೆ ಹೋಗುತ್ತದೆ? ಭದ್ರಾ ನದಿಗೆ. ಗಣಿಯಿಂದ ಬಹುದೂರದಲ್ಲಿ, ಲಕ್ಕವಳ್ಳಿಯ ಅಣೆಕಟ್ಟಿನ ನೀರು ನಂಬಿದ ಶಿವಮೊಗ್ಗ, ದಾವಣಗೆರೆ ಕಡೆಯ ರೈತನೂ ಹಾಗಾದರೆ ಆ ಗಣಿಯ ನೆರೆಯವನೇ. ಕಂಪನಿಯ ಲೆಕ್ಕದಲ್ಲಿ "ಸ್ಥಳೀಯರು" ಎಂದರೆ ಗೇಟಿನ ಸುತ್ತಲಿನ ಹಳ್ಳಿ. ನದಿಯ ಲೆಕ್ಕ ಬೇರೆ.

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟವರು ಕೆ.ಎಂ. ಚಿಣ್ಣಪ್ಪನವರು. ನಮ್ಮ ಕೊಡಗಿನವರು, ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದವರು, 2024ರಲ್ಲಿ ನಮ್ಮನ್ನು ಅಗಲಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಅಗೆತ ನಿಂತಿತು. ನದಿಗೆ ಅದು ಒಳ್ಳೆಯದಾಯಿತು. ಮಂಗಳೂರಿನ ಉಂಡೆ ಅದಿರಿನ ಕಾರ್ಖಾನೆಯೊಂದಿಗೆ ಕಂಪನಿ ಉಳಿದುಕೊಂಡಿತು. ಖಾಯಂ ನೌಕರರಲ್ಲಿ ಕೆಲವರು ಅಲ್ಲಿಗೆ ಹೋದರು, ಕೆಲವರು ಸ್ವಯಂ ನಿವೃತ್ತಿ ಪಡೆದರು. ಗುತ್ತಿಗೆ ಕೂಲಿಯವರು, ಗೂಡಂಗಡಿಯವರು, ಹಾಲು ತರಕಾರಿ ಮಾರುತ್ತಿದ್ದವರು ಏನು ಮಾಡಬೇಕು? ಟೌನ್‌ಶಿಪ್ಪಿನ ಮನೆಗಳು ಖಾಲಿಯಾದವು. ಸುಮಾರು ನೂರು ಮೀಟರ್ ಎತ್ತರದ ಲಕ್ಯಾ ಅಣೆಕಟ್ಟಿನ ಹಿಂದೆ ಕೋಟ್ಯಂತರ ಟನ್ ಗಣಿಯ ಹೂಳು ಹಾಗೇ ಕುಳಿತಿದೆ. ಅದನ್ನು ಕಾಯುವ ಕೆಲಸಕ್ಕೆ ನಿವೃತ್ತಿಯಿಲ್ಲ.

ಬಳ್ಳಾರಿಯ ಸುದ್ದಿ ನಿಮಗೆಲ್ಲ ಗೊತ್ತಿದೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮರುತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಲ್ಲಿಸಿತು. ಮುಂದೆ ಅದಿರು ಮಾರಾಟದ ಹಣದಲ್ಲಿ ಒಂದು ಪಾಲನ್ನು ಆ ಜಿಲ್ಲೆಗಳ ಪುನಶ್ಚೇತನಕ್ಕೆಂದು ತೆಗೆದಿಡಲಾಯಿತು. 2014ರಲ್ಲಿ ಅದಕ್ಕೊಂದು ನಿಗಮವೂ ಆಯಿತು. ಸಾವಿರಾರು ಕೋಟಿ ರೂಪಾಯಿ ಜಮೆಯಾಯಿತು. ಕೆಲಸ ಶುರುವಾಗಲು ಮಾತ್ರ ವರ್ಷಗಳೇ ಹಿಡಿದವು. ಸಂಡೂರಿನ ಕಡೆ ಕೆಂಪು ದೂಳಿನಲ್ಲಿ ಒಂದನೇ ತರಗತಿ ಸೇರಿದ ಮಗು, ಬ್ಯಾಂಕಿನಲ್ಲಿ ಹಣ ಬೆಳೆಯುತ್ತಿದ್ದಾಗಲೇ ಎಸ್.ಎಸ್.ಎಲ್.ಸಿ. ಮುಗಿಸಿತು.

ಇನ್ನು ಕಾನೂನಿನ ಎರಡು ಮಾತು. ಊರಿನವರು ಇಷ್ಟನ್ನಾದರೂ ತಿಳಿದಿರಬೇಕು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೇ 500 ಕೋಟಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು ಇರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಇದನ್ನೇ ನಾವು ಸಿ.ಎಸ್.ಆರ್. ಹಣ ಎನ್ನುವುದು. ಆದರೆ ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಈ ಲೆಕ್ಕದಲ್ಲಿ ತೋರಿಸುವಂತಿಲ್ಲ. ದೂಳು ಏಳದಂತೆ ರಸ್ತೆಗೆ ನೀರು ಹಾಕುವುದು, ಅಗೆದ ನೆಲವನ್ನು ಸರಿಪಡಿಸುವುದು ಪರವಾನಗಿಯ ಷರತ್ತು. ಅದು ಊರಿಗೆ ಮಾಡುವ ಉಪಕಾರವಲ್ಲ.

ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನ, 2015ರ ತಿದ್ದುಪಡಿಯಿಂದ ಬಂದದ್ದು. ಕಬ್ಬಿಣದಂಥ ಪ್ರಮುಖ ಖನಿಜಗಳಲ್ಲಿ, ಹಳೆಯ ಗುತ್ತಿಗೆಯಾದರೆ ಸರ್ಕಾರಕ್ಕೆ ಕಟ್ಟುವ ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದ ಹೊಸ ಗುತ್ತಿಗೆಯಾದರೆ ಶೇ. 10ರಷ್ಟು ಹಣವನ್ನು ಹೆಚ್ಚುವರಿಯಾಗಿ ಇದಕ್ಕೆ ಕೊಡಬೇಕು. ಗಣಿಯಿಂದ ತೊಂದರೆಗೊಳಗಾದ ಜನರ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಅದು ಮೀಸಲು. ಕಂಪನಿ ಲಾಭ ಮಾಡಿದರೂ ನಷ್ಟ ಹೊಂದಿದರೂ ಈ ಹಣ ಬರಬೇಕು. ಇಲ್ಲಿ ಕೊಡುವವನ ಮುಂದೆ ಕೈಕಟ್ಟಿ ನಿಲ್ಲಬೇಕಾದ ಅಗತ್ಯವಿಲ್ಲ.

ಈಗ ನಮ್ಮ ಶಾಲೆಯ ವಿಚಾರ. ನಾಳೆ ಯಾವುದೋ ಕ್ವಾರಿಯವರೋ ಜಲ್ಲಿ ಕ್ರಷರಿನವರೋ ಬಂದು, "ಶಾಲೆಗೆ ಎರಡು ಕೊಠಡಿ ಕಟ್ಟಿಕೊಡುತ್ತೇವೆ" ಎಂದರೆ ಏನು ಮಾಡಬೇಕು? ಬೇಡ ಎನ್ನಿ ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಸೋರುವ ಕೊಠಡಿಯಲ್ಲಿ ಕುಳಿತ ಮಕ್ಕಳಿಗೆ ನಮ್ಮ ಸ್ವಾಭಿಮಾನದ ಭಾಷಣ ಕೊಡೆಯಾಗುವುದಿಲ್ಲ. ಆದರೆ ಕೊಠಡಿ ತೆಗೆದುಕೊಂಡ ಮರುದಿನ ಶಾಲೆ ಬಿಡುವ ಹೊತ್ತಿಗೆ ಅವರ ಲಾರಿಗಳು ಗೇಟಿನ ಮುಂದೆ ಓಡಿದರೆ, ಮುಖ್ಯೋಪಾಧ್ಯಾಯರು ಬಾಯಿ ಬಿಡುವ ಹಾಗಿರಬೇಕು. ಬಂಡೆ ಸಿಡಿಸುವ ಸದ್ದಿಗೆ ಮನೆ ಗೋಡೆ ಬಿರುಕು ಬಿಟ್ಟರೆ, "ಶಾಲೆಗೆ ಅಷ್ಟು ಕೊಟ್ಟಿದ್ದಾರಲ್ಲ" ಎಂಬ ಮಾತಿನಿಂದ ಬಡವನ ದೂರು ಬಿದ್ದುಹೋಗಬಾರದು.

ಅದಕ್ಕೆ ದಾರಿ ಇದೆ. ಕೊಡುಗೆ ವೇದಿಕೆಯ ಮೇಲಿನ ಬಾಯಿಮಾತಾಗದಿರಲಿ. ಶಾಲಾಭಿವೃದ್ಧಿ ಸಮಿತಿಯ ನಡಾವಳಿಯಲ್ಲಿ ಬರಹವಾಗಲಿ. ಅಗೆಯುವುದು ಎಷ್ಟು ವರ್ಷ, ಎಷ್ಟು ಆಳ, ಆಮೇಲೆ ಆ ಗುಂಡಿಯನ್ನು ಯಾರು ಏನು ಮಾಡುತ್ತಾರೆ ಎಂದು ಗ್ರಾಮಸಭೆಯಲ್ಲಿ ಮೊದಲೇ ಕೇಳೋಣ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕೋಣ. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಬೆಟ್ಟಗಳು ಹೇಗೆ ಜಾರಿದವೆಂದು ಕಣ್ಣಾರೆ ಕಂಡ ನಾವು, ಗುಡ್ಡಕ್ಕೆ ಕೈಹಾಕುವವರನ್ನು ಪ್ರಶ್ನೆ ಕೇಳಲು ಸಂಕೋಚಪಡಬಾರದು. ಕೊಡುವವರಿಗೂ ಒಂದು ವಿನಂತಿ. ನಿಮ್ಮದೇ ಹೆಸರಿನ ಶಾಲೆ, ಆಸ್ಪತ್ರೆ ಕಟ್ಟುವ ಬದಲು, ಊರಿನಲ್ಲಿ ಈಗಾಗಲೇ ಇರುವ ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಕೆರೆಗಳನ್ನು ಗಟ್ಟಿ ಮಾಡಿ. ನೀವು ಹೋದ ಮೇಲೂ ಅವು ಇರುತ್ತವೆ. ಕೋಲಾರದ ಆಸ್ಪತ್ರೆ ಸರ್ಕಾರದ್ದಾಗಿದ್ದರೆ ಗಣಿಯ ಜೊತೆಗೆ ಅದಕ್ಕೂ ಬೀಗ ಬೀಳುತ್ತಿರಲಿಲ್ಲ.

ನಮ್ಮ ಈ ಶಾಲೆ ಐವತ್ತು ವರ್ಷ ನಡೆದಿದೆ. ಕಾಫಿಯ ಬೆಲೆ ಏರಿದಾಗಲೂ ಬಿದ್ದಾಗಲೂ ಬೆಳಗಿನ ಗಂಟೆ ಹೊಡೆದಿದೆ. ತೋಟದ ಮಾಲೀಕರ ಮಕ್ಕಳೂ ಲೈನ್ ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತಿದ್ದಾರೆ. ಇದು ಯಾವ ಕಂಪನಿಯ ಲಾಭ ನಷ್ಟವನ್ನೂ ನಂಬಿ ನಿಂತದ್ದಲ್ಲ, ಜನರ ತೆರಿಗೆಯಿಂದ, ಗುರುಗಳ ದುಡಿಮೆಯಿಂದ ನಿಂತದ್ದು. ಹಿರಿಯ ವಿದ್ಯಾರ್ಥಿಗಳಾದ ನಾವು ನಮ್ಮ ನಮ್ಮ ಶಕ್ತಿಯಷ್ಟು ಕೊಡೋಣ, ಹೊರಗಿನವರು ಕೊಟ್ಟರೆ ಕೇಳಬೇಕಾದದ್ದನ್ನು ಕೇಳಿ ಸ್ವೀಕರಿಸೋಣ.