ಬ್ರಿಡ್ಜ್ ಆಟದಲ್ಲಿ ಮೌನದ ಅರ್ಥ



ಇಸ್ಪೀಟೆಂದರೆ ಕಾಲಹರಣವೆಂದು ಮೂಗು ಮುರಿಯುವವರೂ ಬ್ರಿಡ್ಜ್ ಆಟವನ್ನು ಬುದ್ಧಿಯ ವ್ಯಾಯಾಮವೆಂದು ಒಪ್ಪುವುದುಂಟು. ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಅದಕ್ಕೆ ಈಗಿನ ಕಾಂಟ್ರಾಕ್ಟ್ ರೂಪವನ್ನು ಕೊಟ್ಟನು. ಆ ಆಟದಲ್ಲಿ ಜೊತೆಗಾರರು ಒಬ್ಬರನ್ನೊಬ್ಬರು ಅಪಾರ್ಥಮಾಡಿಕೊಳ್ಳುವ ಒಂದು ಸಂದರ್ಭವನ್ನು ಈ ಹೊತ್ತು ವಿಚಾರಮಾಡೋಣ.

ವಿಜಯಪುರ ಜಿಲ್ಲೆಯ ನಾಲ್ಕು ಊರುಗಳಿಂದ ಬಂದ ನಾಲ್ವರು ಒಂದು ಮೇಜಿನ ಸುತ್ತ ಕುಳಿತಿರುವರೆಂದು ಭಾವಿಸಿರಿ. ಭೂಪಟದಲ್ಲಿ ಆ ಊರುಗಳಿರುವಂತೆಯೇ ಇಂಡಿಯವರು ಉತ್ತರಕ್ಕೆ, ಸಿಂದಗಿಯವರು ಪೂರ್ವಕ್ಕೆ, ಮುದ್ದೇಬಿಹಾಳದವರು ದಕ್ಷಿಣಕ್ಕೆ, ಬಸವನ ಬಾಗೇವಾಡಿಯವರು ಪಶ್ಚಿಮಕ್ಕೆ. ಎದುರೆದುರು ಕುಳಿತವರು ಜೊತೆಗಾರರು. ಬಾಗೇವಾಡಿಯವರು ‘ಒಂದು ಆಟೀನು’ ಎಂದು ಸವಾಲು ತೆರೆಯುತ್ತಾರೆ. ಇಂಡಿಯವರು ‘ಡಬಲ್’ ಎನ್ನುತ್ತಾರೆ. ಇದು ದಂಡಿಸುವ ಡಬಲ್ಲಲ್ಲ, ‘ನನ್ನ ಕೈ ಬಲವಾಗಿದೆ, ಇಸ್ಪೇಟು, ಡೈಮಂಡು, ಕಳಾವರುಗಳಲ್ಲಿ ನಿಮ್ಮ ರಂಗು ಯಾವುದು, ಹೇಳಿರಿ’ ಎಂಬ ಬಿನ್ನಹ. ಸಿಂದಗಿಯವರು ಒಡನೆಯೇ ‘ರೀಡಬಲ್’ ಎನ್ನುತ್ತಾರೆ. ಈಗ ಮುದ್ದೇಬಿಹಾಳದವರು ಏನು ಹೇಳತಕ್ಕದ್ದು?

ಮೊದಲು ಲೆಕ್ಕ ನೋಡೋಣ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1ರಂತೆ ಇಡೀ ಕಟ್ಟಿನಲ್ಲಿ 40 ಅಂಕಗಳು. ಸವಾಲು ತೆರೆದವರಲ್ಲಿ ಸುಮಾರು 12, ಡಬಲ್ ಎಂದವರಲ್ಲಿ 12, ರೀಡಬಲ್ ಎಂದವರಲ್ಲಿ 10, ಒಟ್ಟು 34. ಮುದ್ದೇಬಿಹಾಳದವರಿಗೆ ಉಳಿಯುವುದು 6ರ ಒಳಗೇ ಸರಿ. ಬಡತನ ನಿಶ್ಚಯವಾದ ಮೇಲೆ ಹೇಳಬೇಕಾದದ್ದು ಬಲವನ್ನಲ್ಲ, ಆಶ್ರಯವನ್ನು.

ರೀಡಬಲ್ ಬರದಿದ್ದರೆ ಅವರು ಮಾತನಾಡಲೇಬೇಕಾಗಿತ್ತು. ಈಗ ಆ ಕಟ್ಟಾಯವಿಲ್ಲ. ಆದುದರಿಂದಲೇ ಅವರ ಮಾತಿಗೆ ಬೆಲೆ ಬಂದಿದೆ. ಗುಲಾಮನೊಬ್ಬನಿರುವ ಐದು ಇಸ್ಪೇಟುಗಳಿದ್ದು ಬೇರಾವ ಚಿತ್ರದೆಲೆ ಇಲ್ಲದಿದ್ದರೂ ‘ಒಂದು ಇಸ್ಪೇಟು’ ಎನ್ನಬೇಕು. ನಾಲ್ಕು ಆಟೀನು, ಉಳಿದ ರಂಗುಗಳಲ್ಲಿ ಮೂರು ಮೂರು ಎಲೆ ಇದ್ದರೆ ‘ಪಾಸ್’. ಈ ಪಾಸಿನ ಅರ್ಥ, ‘ನನಗೆ ಆಯ್ಕೆಯಿಲ್ಲ, ನೀವೇ ಆರಿಸಿರಿ’ ಎಂಬುದು. ಬಾಗೇವಾಡಿಯವರೂ ಪಾಸ್ ಎಂದರೆ ಇಂಡಿಯವರು ತಮ್ಮ ಅಗ್ಗದ ನಾಲ್ಕೆಲೆಯ ರಂಗನ್ನು ಹೇಳಿ ತಪ್ಪಿಸಿಕೊಳ್ಳಬೇಕು.

ಆ ಪಾಸನ್ನೇ ‘ಆಟೀನನ್ನು ನಾನು ಮುರಿಯಬಲ್ಲೆ’ ಎಂದು ತಿಳಿದು ಇಂಡಿಯವರೂ ಸುಮ್ಮನಾದರೆ ಸವಾಲು ಅಲ್ಲಿಯೇ ಮುಗಿಯುವುದು. ಒಂದು ಆಟೀನಿನ 30 ಅಂಕಗಳು ನಾಲ್ಮಡಿಯಾಗಿ 120 ಆಗುವುವು. 100 ದಾಟಿದ ಕಾರಣ ಎದುರಾಳಿಗೆ ಏಳೇ ಟ್ರಿಕ್ಕುಗಳಿಂದ ಗೇಮು ದೊರೆಯುವುದು; ಹೆಚ್ಚಿನ ಒಂದೊಂದು ಟ್ರಿಕ್ಕಿಗೂ 200, ಅವರು ವಲ್ನರಬಲ್ ಆಗಿದ್ದರೆ 400.

ಕಳಾವರು, ಡೈಮಂಡುಗಳ ಮೇಲಿನ ರೀಡಬಲ್ಲಿಗೆ ಪಾಸ್ ಎಂದರೆ ‘ಇಲ್ಲೇ ನಿಲ್ಲೋಣ’ ಎಂದು ಕೆಲವು ಜೋಡಿಗಳು ಗೊತ್ತುಮಾಡಿಕೊಂಡಿರುವುದುಂಟು. ಅದೂ ತಪ್ಪಲ್ಲ. ಒಬ್ಬನದು ಒಂದು ಅರ್ಥ, ಇನ್ನೊಬ್ಬನದು ಇನ್ನೊಂದು ಎಂಬುದೇ ಅನರ್ಥ. ಆದ್ದರಿಂದ ಎಲೆ ಹಂಚುವ ಮುನ್ನವೇ ಜೊತೆಗಾರನೊಡನೆ ಇದನ್ನು ನಿಶ್ಚಯಿಸಿಕೊಳ್ಳಿರಿ. ಆ ನಿಶ್ಚಯವನ್ನು ಎದುರಾಳಿಗಳು ಕೇಳಿದರೆ ಮುಚ್ಚಿಡದೆ ತಿಳಿಸಿರಿ. ಗುಟ್ಟಿನ ಸಂಕೇತಕ್ಕೆ ಬ್ರಿಡ್ಜ್ ನಿಯಮಗಳಲ್ಲಿ ಎಡೆಯಿಲ್ಲ. ಮಾತನ್ನು ಮಾತ್ರವಲ್ಲ, ಮೌನವನ್ನೂ ಮೊದಲೇ ಹಂಚಿಕೊಂಡವರೇ ನಿಜವಾದ ಜೊತೆಗಾರರು.