ನೀರು ಕಂಡ ಗಾಡಿ, ಮುಚ್ಚಿಟ್ಟ ದೋಷ
(ಜುಮಾ ಪ್ರವಚನದ ಸಾರಾಂಶ)

ಸರ್ವ ಸ್ತುತಿ ಅಲ್ಲಾಹನಿಗೆ. ಆತನ ಅಂತಿಮ ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.



ನಮಾಝ್, ರೋಝಾ, ಝಕಾತ್‌ಗಳ ವಿಷಯವನ್ನು ನಾವು ಮಿಂಬರಿನಿಂದ ಮತ್ತೆ ಮತ್ತೆ ಕೇಳುತ್ತೇವೆ. ಮಸೀದಿಯ ಮೆಟ್ಟಿಲಿಳಿದು ಬಜಾರಿಗೆ ಹೋದ ಮೇಲೆ ನಮ್ಮ ದೀನ್ ಏನು ಹೇಳುತ್ತದೆ ಎಂಬುದನ್ನು ಅಷ್ಟು ಕೇಳುವುದಿಲ್ಲ. ಇಂದು ನಮ್ಮ ಕಡೆ ದಿನನಿತ್ಯ ನಡೆಯುವ ಒಂದು ವ್ಯವಹಾರದ ಬಗ್ಗೆ ಮಾತಾಡೋಣ. ಅದು ಹಳೆಯ ಕಾರಿನ ಮಾರಾಟ ಮತ್ತು ಖರೀದಿ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ನಮ್ಮ ಸಮುದಾಯದ ಎಷ್ಟೋ ಯುವಕರ ಅನ್ನ ಗಾಡಿಗಳಿಂದಲೇ ಬರುತ್ತದೆ. ಕೆಲವರು ಗ್ಯಾರೇಜಿನಲ್ಲಿದ್ದಾರೆ, ಕೆಲವರು ಡೆಂಟಿಂಗ್-ಪೇಂಟಿಂಗ್ ಮಾಡುತ್ತಾರೆ, ಕೆಲವರು ಡ್ರೈವರುಗಳು, ಕೆಲವರು ಗಾಡಿ ಕೊಡಿಸುವ ದಲಾಲರು. ಇದು ಹಲಾಲ್ ಉದ್ಯೋಗ. ಆದರೆ ಹಲಾಲ್ ಉದ್ಯೋಗದೊಳಗೆ ಹರಾಮಿನ ಹಣ ನುಸುಳಲು ಒಂದು ಸುಳ್ಳು ಸಾಕು. ಕೆಲವೊಮ್ಮೆ ಸುಳ್ಳೂ ಬೇಡ, ಸುಮ್ಮನಿದ್ದರೆ ಸಾಕು.

ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು, ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಗುಲಿತು. ಕೇಳಿದಾಗ ವ್ಯಾಪಾರಿಯು ಮಳೆಗೆ ನೆನೆದಿದೆ ಎಂದ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲ ಎಂದು ಪ್ರವಾದಿ(ಸ) ಕೇಳಿದರು. ಮೋಸ ಮಾಡುವವನು ತಮ್ಮವನಲ್ಲವೆಂದೂ ತಿಳಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್. ಗಮನಿಸಿ, ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ. ನೆನೆದ ಕಾಳನ್ನು ಒಣ ಕಾಳಿನ ಕೆಳಗೆ ಬಚ್ಚಿಟ್ಟದ್ದು ಅವನ ತಪ್ಪು.

ನೆನೆದ ಸರಕು ಎಂದರೇನು ಎಂದು ಘಟಪ್ರಭೆಯ ದಂಡೆಯ ಜನರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿನ ಜೊತೆಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಉಕ್ಕಿ, ಗೋಕಾಕದ ತಗ್ಗಿನ ಓಣಿಗಳೆಲ್ಲ ಮುಳುಗಿದವು. 2021ರಲ್ಲಿ ಮತ್ತೆ ನೀರು ಬಂತು. ಆ ಎರಡೂ ವರ್ಷ ಕೊಲ್ಲಾಪುರ, ಸಾಂಗಲಿ ಕಡೆಯೂ ಪ್ರವಾಹ ಬಂದಿತ್ತು. ಮನೆಗಳ ಜೊತೆ ಗಾಡಿಗಳೂ ಮುಳುಗಿದವು. ನೀರು ಇಳಿದ ಮೇಲೆ ಗಾಡಿಯನ್ನು ತೊಳೆಯಬಹುದು, ಸೀಟ್ ಕವರ್ ಬದಲಿಸಬಹುದು, ಪಾಲಿಶ್ ಹೊಡೆಯಬಹುದು. ಆದರೆ ವಯರಿಂಗ್‌ನ ಕನೆಕ್ಟರುಗಳಲ್ಲಿ, ಏರ್‌ಬ್ಯಾಗ್ ಮತ್ತು ಬ್ರೇಕಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಲ್ಲಿ ಹೊಕ್ಕ ತೇವ ತಿಂಗಳುಗಟ್ಟಲೆ ಕಳೆದ ಮೇಲೆ ತುಕ್ಕಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಗಾಡಿ ಮತ್ತೊಬ್ಬರ ಮನೆ ಮುಂದೆ ನಿಂತಿರುತ್ತದೆ. ಗರ್ಭಿಣಿ ಮಗಳನ್ನು ರಾತ್ರಿ ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯುವಾಗ ಆ ಗಾಡಿ ದಾರಿಯಲ್ಲಿ ನಿಂತರೆ, ಆ ಸಂಕಟದಲ್ಲಿ ಮಾರಿದವನ ಪಾಲು ಇಲ್ಲವೆ?

ಸಹೋದರರೇ, ಮಾರುವವನೂ ಕೊಳ್ಳುವವನೂ ನಿಜ ಹೇಳಿ ದೋಷವನ್ನು ಬಿಚ್ಚಿಟ್ಟರೆ ಆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿಸಿಹೋಗುತ್ತದೆ ಎಂಬುದು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಹದೀಸಿನ ಸಾರ. ಮಾರುವ ಮುನ್ನ ಹಾಲು ಕರೆಯದೆ ಕೆಚ್ಚಲು ತುಂಬಿಸಿ, ಹೆಚ್ಚು ಹಾಲು ಕೊಡುವ ಪ್ರಾಣಿ ಎಂದು ನಂಬಿಸುವುದನ್ನೂ ಪ್ರವಾದಿ(ಸ) ನಿಷೇಧಿಸಿದರು. ಹಾಗೆ ಮೋಸಹೋದವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕು ಕೊಟ್ಟರು. ಇಂದು ಕಿಲೋಮೀಟರ್ ಮೀಟರನ್ನು ಹಿಂದೆ ತಿರುಗಿಸುವುದು ಅದೇ ಕೆಚ್ಚಲು ಕಟ್ಟುವ ಕೆಲಸ. ಒಂದೂವರೆ ಲಕ್ಷ ಓಡಿದ ಗಾಡಿಯನ್ನು ಅರವತ್ತು ಸಾವಿರ ಓಡಿದೆ ಎಂದು ತೋರಿಸಿದವನು ತೊಂಬತ್ತು ಸಾವಿರ ಕಿಲೋಮೀಟರಿನ ಸವಕಳಿಯನ್ನು ಕದ್ದು ಮಾರಿದಂತೆ.

ಕೆಲವರು, "ನೋಡಿಕೊಂಡು ತಗೊಳ್ಳಿ, ಆಮೇಲೆ ನನ್ನನ್ನು ಕೇಳಬೇಡಿ" ಎಂದುಬಿಟ್ಟರೆ ತಮ್ಮ ಜವಾಬ್ದಾರಿ ಮುಗಿಯಿತು ಎಂದು ತಿಳಿಯುತ್ತಾರೆ. ಇಂಥ ಷರತ್ತಿನ ಬಗ್ಗೆ ಫುಕಹಾಗಳು ವಿವರವಾಗಿ ಚರ್ಚಿಸಿದ್ದಾರೆ, ಅವರಲ್ಲಿ ಅಭಿಪ್ರಾಯಭೇದವೂ ಇದೆ. ಆದರೆ ತನಗೆ ಗೊತ್ತಿರುವ ದೋಷವನ್ನು ಬೇಕೆಂದೇ ಮರೆಮಾಚುವುದು ಪಾಪ. ಕೊಳ್ಳುವವನು ಯಾವ ಧರ್ಮದವನಾದರೂ ಈ ನಿಯಮ ಬದಲಾಗುವುದಿಲ್ಲ.

ನಡುವೆ ನಿಲ್ಲುವವರಿಗೂ ಒಂದು ಮಾತು. ಆಯಿಲ್ ಕುಡಿಯುವ ಇಂಜಿನಿಗೆ ದಪ್ಪ ಆಯಿಲ್ ಹಾಕಿ ಎರಡು ದಿನ ಹೊಗೆ ಕಾಣದಂತೆ ಮಾಡಿಕೊಡುವ ಮೆಕ್ಯಾನಿಕ್, ಅಪಘಾತದಲ್ಲಿ ಬಾಗಿದ ಚಾಸಿಸ್ ಮೇಲೆ ಬಣ್ಣ ಬಳಿಯುವ ಪೇಂಟರ್, ಎರಡೂ ಕಡೆ ಕಮಿಷನ್ ಪಡೆದು ಬಾಯಿ ಮುಚ್ಚಿಕೊಳ್ಳುವ ದಲಾಲ, ಇವರೆಲ್ಲ ಆ ಮೋಸದ ಪಾಲುದಾರರು. ಪಾಪದಲ್ಲಿ ಪರಸ್ಪರ ಸಹಕರಿಸಬಾರದು ಎಂಬುದು ಕುರ್‌ಆನಿನ ಆದೇಶ. ರಿಪೇರಿ ಮಾಡುವುದು ಬೇರೆ, ಕೊಳ್ಳುವವನ ಕಣ್ಣು ತಪ್ಪಿಸಲೆಂದೇ ರಿಪೇರಿಯ ವೇಷ ಹಾಕುವುದು ಬೇರೆ.

ಇನ್ನು ಕೊಳ್ಳುವವರ ಮಾತು. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಜೀವಮಾನದ ಉಳಿತಾಯ ಕೊಡುವಾಗ ಪರೀಕ್ಷೆ ಮಾಡುವುದು ಸಂಶಯಬುದ್ಧಿಯಲ್ಲ, ಎಚ್ಚರ. ಗಾಡಿಯನ್ನು ಹಗಲಿನಲ್ಲಿ ನೋಡಿ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ನೀವೇ ಮುಂದೆ ನಿಂತು ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ದಪ್ಪಗೆ ಅಂಟಿದ್ದರೆ ಆಯಿಲಿಗೆ ನೀರು ಸೇರಿರುವ ಶಂಕೆ ಇದೆ.

ಪ್ರವಾಹದ ಗುರುತು ಹುಡುಕಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಒಳಗಿನ ತುದಿಯಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ ಅಡಿಯ ಮುಗ್ಗಲು ವಾಸನೆ, ಸ್ಟೆಪ್ನಿ ಇಡುವ ಗುಂಡಿಯ ಮಣ್ಣು, ಹೆಡ್‌ಲೈಟ್ ಒಳಗಿನ ನೀರಿನ ಮಂಜು, ಇವನ್ನೂ ನೋಡಿ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೂ, ಆರದೇ ಇದ್ದರೂ ತೊಂದರೆ ಇದೆ. ಮೀಟರ್ ಕಡಿಮೆ ತೋರಿಸಿ, ಪೆಡಲಿನ ರಬ್ಬರ್ ಮತ್ತು ಸ್ಟೇರಿಂಗ್ ನುಣ್ಣಗೆ ಸವೆದಿದ್ದರೆ ಸರ್ವೀಸ್ ದಾಖಲೆ ಕೇಳಿ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3219 ಎಂದರೆ 2019ರ 32ನೇ ವಾರ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಕೆಟ್ಟ ರಸ್ತೆಯಲ್ಲೂ ಓಡಿಸಿ ನೋಡಿ. ಸಸ್ಪೆನ್ಶನ್ನಿನ ಸದ್ದು, ಕ್ಲಚ್ ಜಾರುವುದು, ಬ್ರೇಕ್ ಹಿಡಿದಾಗ ಒಂದು ಕಡೆ ಎಳೆಯುವುದು ಅಲ್ಲಿ ಗೊತ್ತಾಗುತ್ತದೆ. ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಕೂಲಿ ಕೊಟ್ಟು ತೋರಿಸಿ. ಇವೆಲ್ಲ ಆಗುವ ಮುನ್ನ ಸಂಚಕಾರ ಕೊಡಬೇಡಿ.

ಕಾಗದಪತ್ರದಲ್ಲೂ ಅಮಾನತ್ ಇದೆ. ಆರ್‌ಸಿಯ ಇಂಜಿನ್ ನಂಬರ್, ಚಾಸಿಸ್ ನಂಬರುಗಳನ್ನು ಗಾಡಿಯ ಮೇಲಿನ ನಂಬರಿಗೆ ತಾಳೆ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ, ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಇಲ್ಲದೆ ಮುಂದುವರಿಯಬೇಡಿ. ಮಹಾರಾಷ್ಟ್ರದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತಿವೆ. ಆ ಅಗ್ಗದ ಬೆಲೆಗೆ ತೆರಿಗೆ, ಓಡಾಟ, ರಿಪೇರಿ ಎಲ್ಲ ಕೂಡಿಸಿ ಲೆಕ್ಕ ಹಾಕಿ. ಮಾರಾಟದ ಸುದ್ದಿಯನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೆಸರು ಬದಲಾಗದೆ ಅಪಘಾತವಾದರೆ, ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಸಹಿ ಮಾಡಿದ ಖಾಲಿ ಫಾರಂ ಕೊಟ್ಟು ಕೈ ತೊಳೆದುಕೊಳ್ಳುವುದು ಮಾರಿದವರಿಗೇ ಅಪಾಯ. ವಿಮೆಯನ್ನೂ ಹೆಸರಿಗೆ ಮಾಡಿಸಿಕೊಳ್ಳಿ.

ಕುರ್‌ಆನಿನ ಅತಿ ದೀರ್ಘ ಆಯತ್, ಅಂದರೆ ಅಲ್ ಬಕರಃದ 282ನೇ ಆಯತ್, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. "ಉಳಿದ ರೊಕ್ಕ ಸುಗ್ಗಿಗೆ ಕೊಡ್ತೀನಿ" ಎಂದು ಗಾಡಿ ಒಯ್ಯುವಾಗ ಅಣ್ಣ-ತಮ್ಮಂದಿರ ನಡುವೆಯೂ ಬರೆದಿಡಿ, ಇಬ್ಬರು ಸಾಕ್ಷಿ ಇರಲಿ. ಯಾವ ದೋಷ ಹೇಳಿ ಮಾರಿದ್ದೀರಿ ಎಂಬುದೂ ಆ ಕಾಗದದಲ್ಲಿರಲಿ. ಅದು ಇಬ್ಬರನ್ನೂ ಕಾಯುತ್ತದೆ.

ಕೊಳ್ಳುವವರೂ ಅನ್ಯಾಯ ಮಾಡಬಾರದು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಗಾಡಿ ಮಾರಲು ಬಂದವರ ಅಡಚಣೆಯನ್ನು ಕಂಡು, ಇಲ್ಲದ ದೋಷ ಹೇಳಿ ಬೆಲೆ ಇಳಿಸುವುದೂ ಮೋಸವೇ. ಸಹಾಬಿ ಜರೀರ್ ಬಿನ್ ಅಬ್ದುಲ್ಲಾಹ್(ರ) ಅವರಿಗಾಗಿ ಒಂದು ಕುದುರೆಯನ್ನು 300 ದಿರ್ಹಮ್‌ಗೆ ಮಾತಾಡಿದ್ದರು. ಅದರ ಯೋಗ್ಯತೆ ಹೆಚ್ಚಿನದೆಂದು ಕಂಡು ಅವರು ತಾವೇ ಬೆಲೆ ಏರಿಸುತ್ತ ಹೋಗಿ 800 ಕೊಟ್ಟರೆಂದು ವರದಿಯಾಗಿದೆ. ಪ್ರತಿ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿಯವರಿಗೆ(ಸ) ಅವರು ಬೈಅತ್ ಮಾಡಿದ್ದರು. ಆ ಮಾತನ್ನು ಅವರು ಕುದುರೆ ವ್ಯಾಪಾರದಲ್ಲೂ ಮರೆಯಲಿಲ್ಲ.

ನಮ್ಮಲ್ಲಿ ಯಾರಾದರೂ ದೋಷ ಮುಚ್ಚಿಟ್ಟು ಗಾಡಿ ಮಾರಿದ್ದರೆ ತೌಬಾದ ಬಾಗಿಲು ತೆರೆದಿದೆ. ಆದರೆ ಇದು ಮನುಷ್ಯರ ಹಕ್ಕಿನ ವಿಷಯ. ಬಾಯಿಯಲ್ಲಿ ಇಸ್ತಿಗ್‌ಫಾರ್ ಹೇಳಿದರಷ್ಟೇ ಸಾಲದು. ಕೊಂಡವರನ್ನು ಹುಡುಕಿ ನಿಜ ಹೇಳಬೇಕು. ಅದರಲ್ಲೂ ಬ್ರೇಕ್, ಏರ್‌ಬ್ಯಾಗ್‌ಗಳಂಥ ಪ್ರಾಣದ ವಿಷಯವಾದರೆ ಇಂದೇ ಫೋನ್ ಮಾಡಿ ಹೇಳಬೇಕು. ಗಾಡಿ ಹಿಂದಕ್ಕೆ ಪಡೆಯಿರಿ, ಇಲ್ಲವೆ ಅವರು ಒಪ್ಪುವಂತೆ ಹಣ ಮರಳಿಸಿ. ಕಿಸೆ ಹಗುರಾದರೂ ಲೆಕ್ಕದ ದಿನದ ಭಾರ ಇಳಿಯುತ್ತದೆ.

ಅಲ್ಲಾಹನು ನಮ್ಮ ದುಡಿಮೆಯನ್ನು ಹಲಾಲ್ ಆಗಿಸಲಿ, ನಮ್ಮ ವ್ಯಾಪಾರಗಳಲ್ಲಿ ಬರಕತ್ ಕೊಡಲಿ, ರಸ್ತೆಯಲ್ಲಿರುವ ಪ್ರತಿಯೊಬ್ಬರನ್ನೂ ಸುರಕ್ಷಿತವಾಗಿ ಮನೆ ಮುಟ್ಟಿಸಲಿ. ಆಮೀನ್.