ಚಿತ್ರದ ಸೊಬಗು, ಕಲ್ಲಿನ ಹೆಸರು



ಜಪಾನಿನ ಮರದಚ್ಚಿನ ಚಿತ್ರಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. 'ಉಕಿಯೊ-ಎ' ಎಂದು ಅವುಗಳ ಹೆಸರು; ತೇಲುವ ಲೋಕದ ಚಿತ್ರವೆಂದು ಅದರ ಅರ್ಥ. ಕಲಾವಿದನು ಬರೆದ ರೇಖೆಯನ್ನು ಕೆತ್ತುಗಾರನು ಚೆರ್ರಿ ಮರದ ಹಲಗೆಯಲ್ಲಿ ಕೊರೆಯುವನು; ಬಣ್ಣಬಣ್ಣಕ್ಕೂ ಬೇರೆ ಹಲಗೆ; ಅಚ್ಚುಗಾರನು ಅವನ್ನು ಒಂದೇ ಕಾಗದದ ಮೇಲೆ ಒಂದಾದ ಮೇಲೊಂದರಂತೆ ಒತ್ತುವನು. 1765ರ ಸುಮಾರಿಗೆ ಹರುನೊಬುವಿನ ಕಾಲದಲ್ಲಿ ಈ ಬಹುವರ್ಣದ ಅಚ್ಚು ನೆಲೆಗೊಂಡಿತು. ಆ ಕಲೆಯ ಒಂದು ಮುಖ್ಯ ವಸ್ತುವೆಂದರೆ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಯೊಶಿವಾರವೆಂಬ ಕೇರಿಯ ಗಣಿಕೆಯರು.

ನಮ್ಮ ದೊಡ್ಡಬಳ್ಳಾಪುರದ ನೇಕಾರರಿಗೆ ಈ ಚಿತ್ರಗಳನ್ನು ತೋರಿಸಿದರೆ ಮೊದಲು ಮುಖವನ್ನಲ್ಲ, ಉಡುಗೆಯನ್ನು ನೋಡಿಯಾರು. ಅದು ತಪ್ಪಲ್ಲ. ಕೊರ್ಯುಸಾಯ್ ಎಂಬಾತನು ನೂರಕ್ಕೂ ಹೆಚ್ಚು ಚಿತ್ರಗಳ ಒಂದು ಮಾಲೆಯನ್ನೇ ಹೊಸ ಬಟ್ಟೆಯ ನಮೂನೆಗಳೆಂದು ರಚಿಸಿದನು. ಗಣಿಕೆಯ ಮೈ ಅಲ್ಲಿ ಬಟ್ಟೆಗೂ ಆಕೆಯ ಮನೆಗೂ ಒಂದು ಜಾಹೀರಾತು.

ಉತಮಾರೊ ಇದಕ್ಕಿಂತ ಹತ್ತಿರ ಹೋದನು. ಯೊಶಿವಾರದ ಹನ್ನೆರಡು ಹೊತ್ತುಗಳನ್ನು ಬರೆದ ಆತನ ಮಾಲೆಯಲ್ಲಿ ನಡುರಾತ್ರಿ ಕಳೆದ ಹೊತ್ತಿನದೊಂದು ಚಿತ್ರವುಂಟು. ನಿದ್ದೆಗಣ್ಣಿನ ಹೆಣ್ಣು ಉರಿಯುವ ಕಾಗದದ ಬತ್ತಿಯನ್ನು ಹಿಡಿದು ಕಾಲಿನಿಂದ ಪಾದರಕ್ಷೆಯನ್ನು ತಡಕುತ್ತಿದ್ದಾಳೆ. ಸೊಬಗಿನ ಕೆಳಗಿನ ದಣಿವು ಅಲ್ಲಿ ಒಂದು ಕ್ಷಣ ಇಣುಕುತ್ತದೆ. ಆದರೆ ಆ ಕೇರಿಯ ಸುತ್ತ ಕಂದಕವಿತ್ತು, ಒಂದೇ ಹೆಬ್ಬಾಗಿಲಿತ್ತು, ಹೆತ್ತವರ ಬಡತನಕ್ಕಾಗಿ ಒತ್ತೆಯಾದ ಹುಡುಗಿಯರಿದ್ದರು ಎಂಬುದನ್ನು ಚಿತ್ರ ಹೇಳದು. ದಿಕ್ಕಿಲ್ಲದೆ ಸತ್ತವರ ದೇಹಗಳು ಜೊಕಾನ್‌ಜಿ ದೇಗುಲವನ್ನು ಸೇರುತ್ತಿದ್ದವು. ಜನ ಅದನ್ನು 'ಎಸೆಯುವ ದೇಗುಲ'ವೆಂದರು. ಚಿತ್ರದ ಮೇಲೆ ಹೆಸರೇನೋ ಇರುತ್ತದೆ. ಆದರೆ ಹನಾಒಗಿ ಎಂಬಂಥ ಹೆಸರು ಮನೆಯ ಸೊತ್ತು. ಒಬ್ಬಳು ಹೋದರೆ ಮತ್ತೊಬ್ಬಳಿಗೆ ಅದೇ ಹೆಸರು.

ನಮ್ಮ ಕಾವ್ಯದ ಸೂಳೆಗೇರಿಯೂ ಇದಕ್ಕೆ ಬಹಳ ದೂರವಲ್ಲ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಂಪನು ಅರ್ಜುನನನ್ನು ಇರುಳಿನಲ್ಲಿ ಆ ಕೇರಿಯಲ್ಲಿ ನಡೆಯಿಸುತ್ತಾನೆ. ನೋಟ ರಸಿಕನದು, ನೋಡಿಸಿಕೊಂಡವರಿಗೆ ಹೆಸರಿಲ್ಲ.

ಹೆಸರು ದೊರೆಯುವುದು ಕಲ್ಲಿನಲ್ಲಿ. ಬಾದಾಮಿಗೆ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ, ಎಂಟನೆಯ ಶತಮಾನದ ಮೊದಲ ಭಾಗಕ್ಕೆ ಸೇರುವ, ಒಂದು ಕನ್ನಡ ಶಾಸನವಿದೆ. ಅರಸನ ಪ್ರಾಣವಲ್ಲಭೆ ವಿನಾಪೋಟಿ ಅಲ್ಲಿ ಹಿರಣ್ಯಗರ್ಭ ದಾನ ಮಾಡಿ, ಮಾಣಿಕ್ಯದ ಪೀಠವನ್ನು ಮಾಡಿಸಿ, ಬೆಳ್ಳಿಯ ಕೊಡೆಯನ್ನೆತ್ತಿಸಿ, ಭೂಮಿಯನ್ನು ಬಿಟ್ಟಳು. ಶಾಸನ ಆಕೆಯನ್ನು ಸೂಳೆಯೆಂದೇ ಕರೆಯುತ್ತದೆ. ಆದರೆ 'ವಿನಾಪೋಟಿಗಳ್' ಎಂದು ಗೌರವದ ಬಹುವಚನದಲ್ಲಿ. ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳ್ ಇವರಿಗೂ ಅದೇ ಮರ್ಯಾದೆ. ಇಂದು ಬೈಗುಳವಾಗಿರುವ ಪದ ಅಂದು 'ಗಳ್' ಪ್ರತ್ಯಯದ ಜೊತೆಯಲ್ಲಿ ಕುಳಿತಿತ್ತು. ಹಾಗೆಂದು ಅದನ್ನು ಸುವರ್ಣಯುಗವೆನ್ನಲಾಗದು. ಆಕೆಯ ಚೆಲುವಿನ ಬಗೆಗೆ ಕಲ್ಲು ಮೌನವಾಗಿದೆ. ಆಕೆಯ ಮನಸ್ಸಿನ ಬಗೆಗೂ ಮೌನವಾಗಿದೆ.

ಆ ಮನಸ್ಸು ಮಾತಾಡಿದ್ದನ್ನು ಕೇಳಲು ನಾವು 1910ಕ್ಕೆ ಬರಬೇಕು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ದೇವದಾಸಿ ಮನೆತನದ ವಿದುಷಿ. ತಂಜಾವೂರಿನ ಗಣಿಕೆ ಮುದ್ದುಪಳನಿ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯವನ್ನು ಅವರು ಸಂಪೂರ್ಣವಾಗಿ ಅಚ್ಚು ಹಾಕಿಸಿದರು. ಅದನ್ನು ಹೀಗಳೆದ ಪಂಡಿತರಿಗೆ, ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೆ, ಗಂಡಸರಿಗಿಲ್ಲವೆ ಎಂದು ಪ್ರಶ್ನೆ ಹಾಕಿದರು. 1911ರಲ್ಲಿ ಪುಸ್ತಕಕ್ಕೆ ಸರ್ಕಾರ ನಿಷೇಧ ಹೇರಿತು. ಆ ನಿಷೇಧ ತೆರವಾಗಲು 1947 ಬರಬೇಕಾಯಿತು.

ಗಂಡಸು ಬರೆದ ಶೃಂಗಾರ ಪಠ್ಯವಾಯಿತು, ಹೆಂಗಸು ಬರೆದದ್ದು ಅಪರಾಧವಾಯಿತು. ಉತಮಾರೊನ ರೇಖೆಯನ್ನು ಮೆಚ್ಚೋಣ, ಪಂಪನನ್ನು ಮರೆಯಲಾಗದು. ಆದರೆ ಸೊಬಗನ್ನು ಸವಿದ ಮೇಲೆ, ಈ ಹೆಣ್ಣಿಗೆ ತನ್ನ ಹೆಸರಿತ್ತೆ, ಮಾತಿತ್ತೆ ಎಂದು ಕೇಳುವುದೂ ರಸಿಕತೆಯ ಭಾಗವೇ. ಹಾಗೆ ಕೇಳಿಕೊಂಡು ನೋಡಿದರೆ ಚಿತ್ರದ ಚೆಲುವು ಕಡಿಮೆಯಾಗದು. ನಮ್ಮ ಕಣ್ಣು ಮಾತ್ರ ಇನ್ನಷ್ಟು ಪ್ರಾಮಾಣಿಕವಾದೀತು.